ಮುಂದಿನ ಹತ್ತು ನಿಮಿಷದ ತಾಳ್ಮೆ

ಯೇಸುವನ್ನು ನಂಬಿದ ಮೇಲೆ ಗುಣ ತಾನಾಗಿಯೇ ಬದಲಾಯಿತು ಎಂದು ಸಾಕ್ಷಿ ಹೇಳುವವರನ್ನು ಬಹಳ ಕೇಳಿದ್ದೇನೆ. ಕೆಲವರಿಗೆ ಹಾಗೇ ಆಗಿರಬಹುದು. ನನಗೆ ಕೆಲವು ಚಟಗಳು ಬೇಗ ಬಿಟ್ಟುಹೋದವು, ಸಿಟ್ಟು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಪ್ರಾರ್ಥನೆ ಮಾಡುವವರ ಸಿಟ್ಟು ಅಂತಲೇ ಒಂದು ಇದೆ, ನಿಮಗೂ ಗೊತ್ತಿರಬಹುದು. ಅದರಲ್ಲಿ ಕೂಗಾಟ ಇರುವುದಿಲ್ಲ. ದನಿ ತಗ್ಗಿರುತ್ತದೆ, ಮಾತು ಚುಚ್ಚುತ್ತದೆ.

ಇಂಥವನಿಗೆ ತಾಳ್ಮೆ ಹೇಗೆ ಬಂತು, ಅಂದರೆ ಬಂದಿರುವಷ್ಟು ಹೇಗೆ ಬಂತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಿಡಿದುಕೊಂಡದ್ದು ಬೈಬಲಿನಲ್ಲಿ ಯೇಸುವಿನ ಶಿಷ್ಯ ಪೇತ್ರನ ಎರಡನೆಯ ಪತ್ರದ ಮೊದಲ ಅಧ್ಯಾಯ. ನಂಬಿಕೆಗೆ ಸದ್ಗುಣ, ಸದ್ಗುಣಕ್ಕೆ ಜ್ಞಾನ, ಜ್ಞಾನಕ್ಕೆ ದಮೆ (ಅಂದರೆ ತನ್ನ ಮೇಲೆ ತನಗಿರುವ ಹಿಡಿತ), ದಮೆಗೆ ತಾಳ್ಮೆ, ತಾಳ್ಮೆಗೆ ಭಕ್ತಿ, ಭಕ್ತಿಗೆ ಸಹೋದರ ಸ್ನೇಹ, ಅದಕ್ಕೆ ಪ್ರೀತಿ. ಹೀಗೆ ಒಂದಕ್ಕೊಂದು ಕೂಡಿಸುತ್ತಾ ಹೋಗಿ ಅನ್ನುತ್ತಾನೆ. ಇದನ್ನು ಬರೆದವನು ಯಾರು ನೋಡಿ. ಯೇಸುವನ್ನು ಹಿಡಿಯಲು ಬಂದಾಗ ತೋಟದಲ್ಲಿ ಕತ್ತಿ ಹಿರಿದು ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದವನು. ಅದೇ ರಾತ್ರಿ ಮೂರು ಸಲ ‘ಅವನನ್ನು ಅರಿಯೆ’ ಅಂದವನು. ಪವಿತ್ರಾತ್ಮನನ್ನು ಹೊಂದಿ ಎಷ್ಟೋ ಕಾಲವಾದ ಮೇಲೂ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಊಟದ ಪಂಕ್ತಿಯಿಂದ ಹಿಂದೆ ಸರಿದು, ಅಪೊಸ್ತಲ ಪೌಲನಿಂದ ಮುಖಾಮುಖಿ ಅನ್ನಿಸಿಕೊಂಡವನು. ದಮೆ, ತಾಳ್ಮೆ ಅಂತ ಅವನು ಬರೆಯುವಾಗ ಅದರ ಬೆಲೆ ಅವನಿಗೆ ಗೊತ್ತಿತ್ತು. ಅದಕ್ಕೇ ಈ ಪಟ್ಟಿಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಇನ್ನೊಂದು ವಿಷಯ. ‘ಕೂಡಿಸಿರಿ’ ಅನ್ನುವುದಕ್ಕೆ ಮೊದಲೇ, ಭಕ್ತಿಯ ಜೀವನಕ್ಕೆ ಬೇಕಾದದ್ದೆಲ್ಲ ದೇವರ ಶಕ್ತಿಯಿಂದ ನಮಗೆ ಕೊಟ್ಟಾಗಿದೆ ಎಂದು ಹೇಳಿರುತ್ತಾನೆ. ಕೊಟ್ಟಾಗಿದೆ, ಆದ್ದರಿಂದ ಆಸಕ್ತಿಯಿಂದ ಪ್ರಯತ್ನ ಮಾಡಿ. ಬರೀ ಕೃಪೆ ಅಂತ ಕೈಕಟ್ಟಿ ಕೂರುವವರಿಗೂ, ಎಲ್ಲ ನನ್ನ ಸಾಧನೆ ಅನ್ನುವವರಿಗೂ ಇಲ್ಲಿ ಜಾಗ ಇಲ್ಲ.

ಎಲ್ಲ ಗುಣಗಳನ್ನೂ ಒಟ್ಟಿಗೆ ಹಿಡಿಯಲು ನಾನು ಹೋಗಲಿಲ್ಲ. ತಾಳ್ಮೆ ಒಂದನ್ನೇ ತೆಗೆದುಕೊಂಡೆ. ಅದಕ್ಕೆ ಕಾರಣ ಅಪ್ಪ. ಆಗ ಅವರಿಗೆ ಮರೆವು ಶುರುವಾಗಿತ್ತು. ಹಗಲು ಹೇಗೋ ನಡೆಯುತ್ತಿತ್ತು, ಸಂಜೆಯಾದರೆ ಕಷ್ಟ. ಮರೆವಿನ ಕಾಯಿಲೆ ಇರುವ ಬಹಳ ಜನರಿಗೆ ಹೊತ್ತು ಮುಳುಗುವಾಗ ಗಾಬರಿ ಹೆಚ್ಚುತ್ತದೆ.

‘ಬಾಗಿಲು ಹಾಕಿದ್ಯಾ?’

‘ಹಾಕಿದೀನಪ್ಪ.’

ನಾನು ವಾಪಸ್ ಬಂದು ಕುರ್ಚಿಯಲ್ಲಿ ಕೂರುವುದರೊಳಗೆ ಮತ್ತೆ, ‘ಬಾಗಿಲು ಹಾಕಿದ್ಯಾ?’ ಮಲಗುವವರೆಗೂ ಇದೇ.

ಅಲ್ಲಿಯವರೆಗೆ ನನ್ನ ಪ್ರಾರ್ಥನೆ ‘ಕರ್ತನೇ, ನನಗೆ ತಾಳ್ಮೆ ಕೊಡು’ ಅಂತ ಇತ್ತು. ಒಳ್ಳೆಯ ಪ್ರಾರ್ಥನೆಯೇ, ಆದರೆ ತೀರಾ ದೊಡ್ಡದು. ಉತ್ತರ ಬಂತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅದನ್ನು ಚಿಕ್ಕದು ಮಾಡಿಕೊಂಡೆ: ‘ಮುಂದಿನ ಹತ್ತು ನಿಮಿಷ ನನ್ನ ದನಿ ಏರದಿರಲಿ.’ ಹಜಾರದಿಂದ ಅಪ್ಪನ ರೂಮಿಗೆ ಹೋಗುವಷ್ಟರಲ್ಲಿ 141ನೇ ಕೀರ್ತನೆಯ ಮೂರನೇ ವಚನವನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಬಾಯಿಗೆ ಕಾವಲಿಡು, ತುಟಿಗಳ ಬಾಗಿಲು ಕಾಯಿ ಎಂದು ದಾವೀದ ಬೇಡುವ ವಚನ ಅದು. ಅಪ್ಪ ಕೇಳುತ್ತಿದ್ದದ್ದೂ ಬಾಗಿಲನ್ನೇ, ನಾನು ಬೇಡುತ್ತಿದ್ದದ್ದೂ ಬಾಗಿಲನ್ನೇ. ನಗು ಬರುತ್ತಿತ್ತು. ಆ ನಗುವಿನಿಂದಲೂ ಉಪಕಾರವಾಯಿತು ಅನ್ನಿ.

ಆಮೇಲೆ ಯಾಕೋಬನ ಪತ್ರದ ಒಂದು ಮಾತನ್ನು ಅಕ್ಷರಶಃ ಮಾಡಿ ನೋಡಿದೆ. ಕೇಳುವುದರಲ್ಲಿ ಚುರುಕು, ಮಾತಾಡುವುದರಲ್ಲಿ ನಿಧಾನ, ಕೋಪಿಸುವುದರಲ್ಲಿ ನಿಧಾನ. ಕೋಪ ಕೊನೆಯಲ್ಲಿದೆ, ಕಿವಿ ಮೊದಲಿದೆ. ಹಾಗಾಗಿ ಕೋಪದ ಜೊತೆ ಗುದ್ದಾಡುವುದು ಬಿಟ್ಟು ಕಿವಿಯಿಂದ ಶುರುಮಾಡಿದೆ. ಬಾಗಿಲಲ್ಲೇ ನಿಂತು ಉತ್ತರ ಎಸೆಯುವ ಬದಲು ಒಳಗೆ ಹೋಗಿ ಮಂಚದ ಮೇಲೆ ಕೂರುತ್ತಿದ್ದೆ. ಅಪ್ಪನ ಮುಖ ನೋಡುತ್ತಿದ್ದೆ. ಪ್ರಶ್ನೆ ಗೊತ್ತಿದ್ದರೂ ಪೂರ್ತಿ ಕೇಳಿಸಿಕೊಂಡು ಆಮೇಲೆ ಉತ್ತರ ಕೊಡುತ್ತಿದ್ದೆ. ಕೂತು, ಮುಖ ನೋಡುತ್ತಾ ಸಿಡುಕುವುದು ನಿಂತು ಸಿಡುಕಿದಷ್ಟು ಸುಲಭ ಅಲ್ಲ. ಬೇಕಿದ್ದರೆ ಮಾಡಿ ನೋಡಿ.

ಹೀಗೆ ಕೂತು ಕೇಳಿದ ಮೇಲೇ ಗೊತ್ತಾಗಿದ್ದು, ಅಪ್ಪನಿಗೆ ಬೇಕಾದದ್ದು ಬಾಗಿಲಿನ ಸುದ್ದಿ ಅಲ್ಲ. ಅವರಿಗೆ ಭಯ. ಒಂದು ಸಂಜೆ ಉತ್ತರ ಕೊಡದೆ ಕೈ ಹಿಡಿದು ಬಾಗಿಲ ತನಕ ಕರೆದುಕೊಂಡು ಹೋದೆ. ಚಿಲಕ ಮುಟ್ಟಿಸಿದೆ. ಅದನ್ನು ಎಳೆದು ನೋಡಿದರು, ಇನ್ನೊಮ್ಮೆ ಎಳೆದರು, ‘ಸರಿ’ ಅಂದರು. ಅವತ್ತು ಬಹಳ ಹೊತ್ತು ಪ್ರಶ್ನೆ ಬರಲಿಲ್ಲ. ಆಮೇಲೆ ದಿನಾ ಸಂಜೆ ಇದೇ ರೂಢಿಯಾಯಿತು.

ಇದೆಲ್ಲ ಓದಲು ಸಲೀಸು. ನಿಜವಾದ ಕಷ್ಟ ಇದ್ದದ್ದು ಓಡಿಹೋಗುವ ಆಸೆಯಲ್ಲಿ. ನನ್ನ ಆಸೆಗೆ ‘ಸೇವೆ’ ಅನ್ನುವ ಒಳ್ಳೆ ಹೆಸರು ಬೇರೆ ಇತ್ತು. ವಾರದ ನಡುವೆ ಸಂಜೆ ಪ್ರಾರ್ಥನಾ ಕೂಟ ನಡೆಸುತ್ತಿದ್ದೆ. ಸಂಜೆಗಳು ಬಿಗಡಾಯಿಸಿದಷ್ಟೂ ಆ ಕೂಟ ನನಗೆ ಹೆಚ್ಚು ಇಷ್ಟವಾಗುತ್ತಿತ್ತು. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ಪೌಲ ವಿಧವೆಯರ ವಿಷಯ ಬರೆಯುತ್ತಾ, ಮಕ್ಕಳು ಮೊಮ್ಮಕ್ಕಳು ಭಕ್ತಿ ತೋರಿಸುವುದನ್ನು ಮೊದಲು ತಮ್ಮ ಮನೆಯಲ್ಲೇ ಕಲಿಯಲಿ, ಹೆತ್ತವರ ಋಣ ತೀರಿಸಲಿ, ಇದು ದೇವರಿಗೆ ಮೆಚ್ಚಿಗೆ ಅನ್ನುತ್ತಾನೆ. ತಾಳ್ಮೆಯಾದ ಮೇಲೆ ಭಕ್ತಿ ಅನ್ನುತ್ತಾನಲ್ಲ ಪೇತ್ರ, ಅದು ಕೂಟದಲ್ಲಿ ಸಿಗುತ್ತದೆ ಎಂದುಕೊಂಡಿದ್ದೆ. ನನಗೆ ಅದು ಸಿಕ್ಕಿದ್ದು ಚಿಲಕದ ಹತ್ತಿರ. ಕೂಟವನ್ನು ಇನ್ನೊಬ್ಬರಿಗೆ ಒಪ್ಪಿಸಿದೆ. ಹಿಂಜಾರಿಬಿಟ್ಟ ಅಂತ ಒಂದಿಬ್ಬರು ಆಡಿಕೊಂಡರು. ಆಡಿಕೊಳ್ಳಲಿ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ತಾಳ್ಮೆ ಅಂದರೆ ಹೊಡೆತ, ಹಿಂಸೆ ಸಹಿಸಿಕೊಂಡು ಬಿದ್ದಿರುವುದಲ್ಲ. ಅಂಥ ಜಾಗದಲ್ಲಿರುವವರಿಗೆ ಈ ವಚನಗಳನ್ನು ಹೇಳಿ ಕೂರಿಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಕಳೆದುಕೊಳ್ಳುವ ಆಸೆಯೂ ಇಲ್ಲ.

ನಿದ್ದೆಯ ವಿಷಯವನ್ನೂ ಬಿಡುವಂತಿಲ್ಲ. ನನ್ನ ಕೆಟ್ಟ ದಿನಗಳಿಗೆಲ್ಲ ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದೇ ಕಾರಣ. ಪ್ರವಾದಿ ಎಲೀಯ ಸಾವು ಬೇಡಿಕೊಂಡು ಮರದ ಕೆಳಗೆ ಮಲಗಿದಾಗ ದೇವದೂತ ಬೈಬಲ್ ಸ್ಟಡಿ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟ, ಎಲೀಯ ತಿಂದು ಮತ್ತೆ ಮಲಗಿದ, ಎದ್ದ ಮೇಲೆ ಇನ್ನೊಮ್ಮೆ ತಿನ್ನಿಸಿದ. ಅದನ್ನು ನೋಡಿ ನಾನೂ ಹೆಂಡತಿಯೂ ರಾತ್ರಿಗಳನ್ನು ಹಂಚಿಕೊಂಡೆವು. ಆತ್ಮಿಕ ಸಲಹೆ ಅನ್ನಿಸುವುದಿಲ್ಲ ಅಲ್ವಾ? ನನಗೆ ಎಷ್ಟೋ ಉಪವಾಸಗಳಿಗಿಂತ ಇದು ಹೆಚ್ಚು ಕೆಲಸ ಮಾಡಿತು.

ಒಬ್ಬರೇ ಮಾಡುವ ಕೆಲಸ ಇದಲ್ಲ. ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದಾಗ, ಹೋದ ಸಲ ಸೇರಿದ ಮೇಲೆ ನಿನಗೆ ಗೊತ್ತಿರುವ ಯಾವ ಪಾಪ ಮಾಡಿದೆ ಎಂದು ಪ್ರತಿ ಭೇಟಿಯಲ್ಲೂ ಕೇಳಬೇಕು ಅಂತ ಇಟ್ಟಿದ್ದ. ಅಷ್ಟು ನೇರವಾಗಿ ನನ್ನನ್ನು ಕೇಳಿ ಎಂದು ಸಭೆಯ ಹಿರಿಯರೊಬ್ಬರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ‘ನಿನ್ನನ್ನ ಯಾಕೆ ಕೇಳ್ಲಿ? ನಿನ್ನ ಹೆಂಡ್ತೀನ ಕೇಳ್ತೀನಿ’ ಅಂದರು. ಹಾಗೇ ಮಾಡಿದರು ಕೂಡ. ಡೈರಿಯಲ್ಲಿ ಟಿಕ್ ಹಾಕಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ. ಟಿಕ್ ಹೆಚ್ಚಾದರೆ ಜಂಬ, ಕಡಿಮೆಯಾದರೆ ಕೊರಗು. ಹೆಂಡತಿಯ ವರದಿಯಲ್ಲಿ ಎರಡಕ್ಕೂ ಅವಕಾಶ ಇಲ್ಲ.

ಪಟ್ಟಿಯಲ್ಲಿ ಭಕ್ತಿಯ ಮುಂದೆ ಸಹೋದರ ಸ್ನೇಹ ಇದೆ. ಪೇತ್ರನ ಮನಸ್ಸಿನಲ್ಲಿದ್ದದ್ದು ವಿಶ್ವಾಸಿಗಳು. ನನಗೆ ನೆನಪಾದದ್ದು ಸ್ವಂತ ಅಣ್ಣ. ಫೋನಿನಲ್ಲಿ ‘ಅಪ್ಪ ಹೇಗಿದ್ದಾರೆ’ ಅಂತ ಕೇಳುತ್ತಿದ್ದ, ಬಂದು ನೋಡಿಕೊಳ್ಳುತ್ತಿರಲಿಲ್ಲ. ಅಪ್ಪನ ಜೊತೆ ಕಲಿತ ತಾಳ್ಮೆ ಅಣ್ಣನ ಹೆಸರು ಬಂದ ಕೂಡಲೇ ಆವಿಯಾಗುತ್ತಿತ್ತು. ಜರ್ಮನಿಯಲ್ಲಿ ಪಾಸ್ಟರ್ ಡೀಟ್ರಿಖ್ ಬೋನ್‌ಹೋಫರ್ 1935ರಿಂದ ಫಿಂಕೆನ್‌ವಾಲ್ಡೆಯಲ್ಲಿ ನಡೆಸಿದ ಸೆಮಿನರಿಯನ್ನು, ಅಂದರೆ ಪಾಸ್ಟರ್ ಆಗುವವರ ತರಬೇತಿ ಶಾಲೆಯನ್ನು, 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಮುಚ್ಚಿಸಿತು. ಅಲ್ಲಿ ಒಂದು ನಿಯಮ ಇತ್ತು: ಇಲ್ಲದಿರುವ ಸಹೋದರನ ಬಗ್ಗೆ ಮಾತಾಡಬಾರದು, ಮಾತಾಡಿದರೆ ಆಮೇಲೆ ಹೋಗಿ ಅವನಿಗೇ ಹೇಳಬೇಕು. ಅದನ್ನು ನಮ್ಮ ಮನೆಗೂ ತಂದೆವು. ನಾನು ಒಳ್ಳೆಯವನಾದೆ ಅಂತಲ್ಲ, ಅಣ್ಣನಿಗೆ ಫೋನ್ ಮಾಡಿ ಹೇಳಬೇಕಾಗುತ್ತದಲ್ಲ ಅನ್ನುವ ಮುಜುಗರಕ್ಕೇ ಅರ್ಧ ಮಾತು ಬಾಯಲ್ಲೇ ನಿಲ್ಲುತ್ತಿತ್ತು. ಆಡಿಕೊಳ್ಳುವುದು ನಿಂತ ಮೇಲೆ ಬೇಕಾದದ್ದನ್ನು ನೇರವಾಗಿ ಕೇಳಲು ಬಾಯಿ ಬಂತು. ‘ಅಣ್ಣಾ, ನನಗೆ ಒಬ್ಬನಿಗೇ ಆಗ್ತಿಲ್ಲ, ತಿಂಗಳಲ್ಲಿ ಒಂದು ವಾರ ನೀನು ಬಂದು ಇರು’ ಅಂದೆ. ಈಗ ಬರುತ್ತಾನೆ. ಪ್ರತಿ ತಿಂಗಳೂ ಅಲ್ಲ, ಆದರೂ ಬರುತ್ತಾನೆ. ಚಿಲಕ ಮುಟ್ಟಿಸುವುದನ್ನು ಅವನಿಗೂ ಹೇಳಿಕೊಟ್ಟಿದ್ದೇನೆ.

ಹಿರಿಯರು ಇವತ್ತಿಗೂ ಹೆಂಡತಿಯನ್ನು ಕೇಳುತ್ತಾರೆ. ಅಪ್ಪನ ವಿಷಯದಲ್ಲಿ ಈಗ ಅವಳದ್ದೇನೂ ದೂರಿಲ್ಲ. ಮಗನಿಗೆ ಲೆಕ್ಕ ಹೇಳಿಕೊಡುವಾಗ ಇವರನ್ನು ನೋಡಬೇಕು ನೀವು ಅಂದಳಂತೆ. ಸದ್ಯ ಆ ಕೀರ್ತನೆ ಅಲ್ಲಿ ಕೆಲಸಕ್ಕೆ ಬರುತ್ತಿದೆ.