ಪುಸ್ತಕ ಮುಚ್ಚಿ ಓದುವ ಕ್ರಮ ಮತ್ತು ಅದಕ್ಕೊಪ್ಪುವ ವೇಳಾಪಟ್ಟಿ

ಪರೀಕ್ಷೆಗೆ ಸಿದ್ಧರಾಗುವ ಹೆಚ್ಚಿನ ವಿದ್ಯಾರ್ಥಿಗಳು ವೇಳಾಪಟ್ಟಿ ಹಾಕಿಕೊಳ್ಳುವುದು ಗಂಟೆಗಳ ಲೆಕ್ಕದಲ್ಲಿ: ಬೆಳಗ್ಗೆ ಎರಡು ಗಂಟೆ ಗಣಿತ, ಸಂಜೆ ಎರಡು ಗಂಟೆ ವಿಜ್ಞಾನ, ರಾತ್ರಿ ಒಂದು ಗಂಟೆ ಭಾಷೆ. ನಾಲ್ಕೈದು ದಿನ ಅದರಂತೆ ನಡೆಯುತ್ತದೆ, ಆಮೇಲೆ ಒಂದು ದಿನ ತಪ್ಪುತ್ತದೆ, ಮರುದಿನ ಪಟ್ಟಿಯೇ ಮೂಲೆ ಸೇರುತ್ತದೆ. ಇದನ್ನು ಶಿಸ್ತಿನ ಕೊರತೆ ಎಂದು ಬೈಯುವುದು ಸುಲಭ. ಆದರೆ ನನ್ನ ಅಭಿಪ್ರಾಯದಲ್ಲಿ ತಪ್ಪು ಪಟ್ಟಿಯಲ್ಲೇ ಇದೆ. ಎಷ್ಟು ಹೊತ್ತು ಕುಳಿತಿರಬೇಕೆಂದು ಅದು ಹೇಳುತ್ತದೆಯೇ ಹೊರತು, ಓದಿದ್ದು ಒಂದು ವಾರದ ನಂತರವೂ ತಲೆಯಲ್ಲಿ ಉಳಿದಿರುತ್ತದೆಯೇ ಎಂದು ಕೇಳುವುದಿಲ್ಲ. ಆದ್ದರಿಂದ ಮೊದಲು ನೆನಪಿನ ಸ್ವಭಾವವನ್ನು ಅರಿತು, ಬಳಿಕ ಅದಕ್ಕೆ ಹೊಂದುವಂತೆ ಸಮಯವನ್ನು ಹಂಚಿಕೊಳ್ಳುವುದು ಸರಿಯಾದ ದಾರಿ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಯ ನಂತರ ಅವುಗಳಲ್ಲಿ ಎಷ್ಟು ಉಳಿದಿದೆಯೆಂದು ಅಳೆದು, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿಯೂ, ಅನಂತರ ನಿಧಾನವಾಗಿಯೂ ಸಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅರ್ಥ ತಿಳಿದು ಓದಿದ ಪಾಠ ಅಷ್ಟು ಬೇಗ ಅಳಿಸಿಹೋಗುವುದಿಲ್ಲ ನಿಜ. ಆದರೂ ಒಮ್ಮೆ ಓದಿ ಬಿಟ್ಟ ಅಧ್ಯಾಯ ತಾನಾಗಿಯೇ ಪರೀಕ್ಷೆಯವರೆಗೆ ಉಳಿಯುತ್ತದೆಂದು ನಂಬುವಂತಿಲ್ಲ.

ಹಾಗಾದರೆ ಮತ್ತೆ ಮತ್ತೆ ಓದಿದರೆ ಸಾಕೇ? ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು, ಇನ್ನೊಂದು ಗದ್ಯಭಾಗವನ್ನು ಒಂದು ಸಲ ಓದಿ, ಬಳಿಕ ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಫಲಿತಾಂಶ ತಲೆಕೆಳಗಾಯಿತು: ನೋಡದೆ ಬರೆದಿದ್ದ ಭಾಗದಲ್ಲಿ ಸುಮಾರು 56 ಶೇಕಡಾ ಉಳಿದಿದ್ದರೆ, ಎರಡು ಸಲ ಓದಿದ್ದರಲ್ಲಿ ಉಳಿದದ್ದು ಸುಮಾರು 42 ಶೇಕಡಾ. ಮರು ಓದು ನಮ್ಮನ್ನು ಮೋಸಗೊಳಿಸುವುದು ಇಲ್ಲಿಯೇ. ಎರಡನೆಯ ಸಲ ಓದುವಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ, ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದು ಎಣಿಸುತ್ತೇವೆ.

ಆದುದರಿಂದ ಓದುವ ಕ್ರಮವನ್ನು ಹೀಗೆ ಬದಲಿಸಿಕೊಳ್ಳಿ. ಅಧ್ಯಾಯದ ಒಂದು ಭಾಗವನ್ನು, ಅಂದರೆ ಮೂರು ನಾಲ್ಕು ಪುಟಗಳನ್ನು, ಗಮನವಿಟ್ಟು ಓದಿ ಪುಸ್ತಕವನ್ನು ಮುಚ್ಚಿರಿ. ಖಾಲಿ ಹಾಳೆಯ ಮೇಲೆ ನೆನಪಿಗೆ ಬಂದದ್ದನ್ನೆಲ್ಲ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಚಿತ್ರವಿದ್ದರೆ ಚಿತ್ರ, ಸೂತ್ರವಿದ್ದರೆ ಸೂತ್ರ, ಕಾರಣಗಳಿದ್ದರೆ ಕಾರಣಗಳು. ಏನೂ ಹೊಳೆಯದಿದ್ದರೂ ಎರಡು ನಿಮಿಷ ಕಾಯಿರಿ, ತಕ್ಷಣ ಪುಸ್ತಕದತ್ತ ಕೈ ಚಾಚಬೇಡಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಕೆಂಪು ಶಾಯಿಯಲ್ಲಿ ಅದೇ ಹಾಳೆಯ ಮೇಲೆ ತುಂಬಿಸಿ, ದಿನಾಂಕ ಹಾಕಿ ತೆಗೆದಿಡಿ. ಮೊದಲ ದಿನಗಳಲ್ಲಿ ಹಾಳೆಯ ತುಂಬ ಕೆಂಪೇ ಕಾಣುತ್ತದೆ, ಮನಸ್ಸು ಕುಗ್ಗುತ್ತದೆ. ಎಷ್ಟೋ ಮಕ್ಕಳು ಈ ಹಂತದಲ್ಲಿ ತಾವು ದಡ್ಡರೆಂದು ತೀರ್ಮಾನಿಸಿ ಹಳೆಯ ಕ್ರಮಕ್ಕೆ ಮರಳುವುದನ್ನು ಕಂಡು ನನಗೆ ನಿಜವಾಗಿ ನೋವಾಗುತ್ತದೆ. ನೆನಪಿಸಿಕೊಳ್ಳಲು ಪಡುವ ಆ ಕಷ್ಟವೇ ನೆನಪನ್ನು ಗಟ್ಟಿಗೊಳಿಸುವ ಕೆಲಸ, ಅದು ದಡ್ಡತನದ ಗುರುತಲ್ಲ.

ಗಣಿತದಲ್ಲಿ ಇದರ ರೂಪ ಸ್ವಲ್ಪ ಬೇರೆ. ಬಿಡಿಸಿದ ಉದಾಹರಣೆಯನ್ನು ಓದಿ ತಲೆಯಾಡಿಸುವ ಬದಲು, ಪರಿಹಾರವನ್ನು ಕಾಗದದಿಂದ ಮುಚ್ಚಿ ಮೊದಲಿನಿಂದ ನೀವೇ ಬಿಡಿಸಿ, ಸಿಕ್ಕಿಕೊಂಡಲ್ಲಿ ಒಂದು ಸಾಲು ಮಾತ್ರ ಸರಿಸಿ ನೋಡಿರಿ. ಒಂದೇ ಮಾದರಿಯ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಮಾಡಿದರೆ ಯಾವ ಸೂತ್ರ ಬೇಕೆಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ, ಪರೀಕ್ಷೆಯಲ್ಲಿ ಬೇಕಾಗುವುದು ಆ ಯೋಚನೆಯೇ. ಹಾಗಾಗಿ ಹಿಂದಿನ ಅಧ್ಯಾಯಗಳ ಲೆಕ್ಕಗಳನ್ನು ನಡುನಡುವೆ ಬೆರೆಸಿಕೊಳ್ಳಿ.

ಬರೆದಿಟ್ಟ ಹಾಳೆಗಳಿಗೆ ಮರಳುವ ದಿನಗಳನ್ನು ಮೊದಲೇ ಗೊತ್ತುಮಾಡಬೇಕು. ಮರುದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ಅದಾದ ವಾರಕ್ಕೆ ಒಮ್ಮೆ, ಬಳಿಕ ತಿಂಗಳಿಗೊಮ್ಮೆ ಎಂಬ ಅಂತರ ಬಹುತೇಕ ವಿಷಯಗಳಿಗೆ ಸಾಕಾಗುತ್ತದೆ. ಪ್ರತಿ ಸಲವೂ ಹೊಸ ಹಾಳೆಯ ಮೇಲೆ ನೋಡದೆ ಬರೆದು, ಆಮೇಲೆ ಹಳೆಯದರೊಂದಿಗೆ ಹೋಲಿಸಿರಿ. ಎರಡನೆಯ ಭೇಟಿಗೆ ಹತ್ತು ನಿಮಿಷ ಹಿಡಿದರೆ ಮೂರನೆಯದಕ್ಕೆ ಐದು ಸಾಕಾಗಬಹುದು. ಪದಗಳ ಅರ್ಥ, ಇಸವಿಗಳು, ರಾಸಾಯನಿಕ ಸಂಕೇತಗಳಂತಹ ಬಿಡಿ ಸಂಗತಿಗಳಿಗೆ 1972ರಲ್ಲಿ ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ ವಿವರಿಸಿದ ಪೆಟ್ಟಿಗೆಯ ಪದ್ಧತಿ ಅನುಕೂಲ: ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ, ಸರಿಯಾಗಿ ಹೇಳಿದ ಕಾರ್ಡು ತಡವಾಗಿ ನೋಡುವ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ದಿನವೂ ನೋಡುವ ಮೊದಲ ಖಾನೆಗೆ ಮರಳುತ್ತದೆ.

ಇನ್ನು ವೇಳಾಪಟ್ಟಿ. ಅದನ್ನು ಬರೆಯುವ ಮೊದಲು ಮೂರು ದಿನ ನಿಮ್ಮ ಸಮಯ ಎಲ್ಲಿ ಹೋಗುತ್ತದೆಂದು ಅರ್ಧ ಗಂಟೆಗೊಮ್ಮೆ ಗುರುತು ಹಾಕಿಕೊಳ್ಳಿ, ಏನನ್ನೂ ತಿದ್ದಲು ಹೋಗಬೇಡಿ. ಬಳಿಕ ಒಂದು ವಾರದ ಹಾಳೆಯಲ್ಲಿ ತರಗತಿ, ಪ್ರಯಾಣ, ಊಟ ಮತ್ತು ನಿದ್ರೆಯನ್ನು ಮೊದಲು ತುಂಬಿಸಿ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು. ಓದಿದ್ದು ನೆಲೆಗೊಳ್ಳುವುದರಲ್ಲಿ ನಿದ್ರೆಗೂ ಪಾಲಿರುವುದರಿಂದ ಅದನ್ನು ಕಡಿತಗೊಳಿಸಿ ಗಂಟೆ ಉಳಿಸುವ ಲೆಕ್ಕ ನಷ್ಟದ್ದು. ಉಳಿದ ಜಾಗದಲ್ಲಿ ಮೊದಲು ಮರುಭೇಟಿಗಳನ್ನು ಬರೆಯಿರಿ, ಆಮೇಲೆ ಹೊಸ ಪಾಠಗಳನ್ನು. ಈ ಕ್ರಮ ಹಿಂದುಮುಂದಾದರೆ ಹೊಸ ಪಾಠಗಳು ಎಲ್ಲವನ್ನೂ ನುಂಗಿಬಿಡುತ್ತವೆ.

ಪ್ರತಿ ಖಾನೆಯಲ್ಲಿ ವಿಷಯದ ಹೆಸರಷ್ಟೇ ಬರೆಯದೆ ಕೆಲಸವನ್ನೇ ಬರೆಯಿರಿ. "ವಿಜ್ಞಾನ" ಎಂದಿದ್ದರೆ ಎಲ್ಲಿಂದ ತೊಡಗಬೇಕೆಂದು ಯೋಚಿಸುವುದರಲ್ಲೇ ಹತ್ತು ನಿಮಿಷ ಕಳೆಯುತ್ತದೆ; "ಹೃದಯದ ಚಿತ್ರವನ್ನು ನೋಡದೆ ಬರೆದು ಭಾಗಗಳನ್ನು ಗುರುತಿಸುವುದು" ಎಂದಿದ್ದರೆ ಕೂತ ಕೂಡಲೇ ಕೈ ಓಡುತ್ತದೆ. ಜೊತೆಗೆ, ನಿಮ್ಮ ಅಂದಾಜನ್ನು ಪೂರ್ತಿ ನಂಬಬೇಡಿ. ಕೆಲಸಕ್ಕೆ ಹಿಡಿಯುವ ಸಮಯವನ್ನು ಮನುಷ್ಯರು ಸಾಮಾನ್ಯವಾಗಿ ಕಡಿಮೆ ಎಣಿಸುತ್ತಾರೆಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪದವಿಯ ಕೊನೆಯ ವರ್ಷದ ಪ್ರಬಂಧ ಮುಗಿಸಲು ಸುಮಾರು 34 ದಿನ ಸಾಕೆಂದಿದ್ದ ವಿದ್ಯಾರ್ಥಿಗಳಿಗೆ ಸರಾಸರಿ 55 ದಿನಗಳಿಗಿಂತ ಹೆಚ್ಚು ಹಿಡಿಯಿತು. ಆದ್ದರಿಂದ ಒಂದು ಗಂಟೆ ಎನಿಸಿದ್ದಕ್ಕೆ ಒಂದೂವರೆ ಗಂಟೆ ಇಡಿ, ವಾರದಲ್ಲಿ ಒಂದು ಅರ್ಧ ದಿನವನ್ನು ಖಾಲಿಯಾಗಿಯೇ ಬಿಡಿ. ತಪ್ಪಿಹೋದ ಕೆಲಸಗಳು ಅಲ್ಲಿಗೆ ಸರಿದರೆ ಪಟ್ಟಿ ಮುರಿಯುವುದಿಲ್ಲ.

ಕುಳಿತ ಹೊತ್ತಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿಯನ್ನು 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ತಾವು ವಿದ್ಯಾರ್ಥಿಯಾಗಿದ್ದಾಗ ರೂಪಿಸಿಕೊಂಡರು. ಓದಲು ಕೂರುವುದೇ ಬೇಡವೆನಿಸುವ ದಿನ ಅದು ಒಳ್ಳೆಯ ಆಸರೆ, ಆದರೆ ಉದ್ದದ ಲೆಕ್ಕವೊಂದರ ಮಧ್ಯೆ ಗಡಿಯಾರ ಬಡಿದುಕೊಂಡಿತೆಂದು ಏಳಬೇಕಾಗಿಲ್ಲ. ಮೊಬೈಲನ್ನು ಮಾತ್ರ ಮಗುಚಿ ಇಟ್ಟರೆ ಸಾಲದು, ಬೇರೆ ಕೋಣೆಯಲ್ಲಿ ಇಡಿ; ನಡುವೆ ನೆನಪಾಗುವ ಇತರ ಕೆಲಸಗಳನ್ನು ಪಕ್ಕದ ಚೀಟಿಯಲ್ಲಿ ಗೀಚಿಟ್ಟು ಓದು ಮುಂದುವರಿಸಿ.

ಈ ಕ್ರಮವನ್ನು ತಡವಾಗಿ ಆರಂಭಿಸಿ, ಪರೀಕ್ಷೆಗೆ ಒಂದೇ ವಾರ ಉಳಿದಿದ್ದರೆ, ಓದದೆ ಬಿಟ್ಟ ಎಲ್ಲ ಅಧ್ಯಾಯಗಳನ್ನೂ ಮುಗಿಸುವ ಆಸೆಯನ್ನು ಬಿಡುವುದು ವಿವೇಕ. ಅರ್ಧ ಗೊತ್ತಿರುವ ಅಧ್ಯಾಯಗಳನ್ನು ಆರಿಸಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಮಯ ಇಟ್ಟುಕೊಂಡು ನೋಡದೆ ಬರೆಯಿರಿ, ತಪ್ಪಿದ ಜಾಗಗಳನ್ನಷ್ಟೇ ಪುಸ್ತಕದಲ್ಲಿ ಓದಿರಿ. ಹಿಂದಿನ ಸಂಜೆ ಹೊಸದೇನನ್ನೂ ಮುಟ್ಟದೆ, ಕೆಂಪು ಶಾಯಿಯ ಹಾಳೆಗಳನ್ನು ಮಾತ್ರ ತೆರೆದು, ಅಲ್ಲಿ ತಿದ್ದಿದ ಸಾಲುಗಳನ್ನು ಕೈಯಿಂದ ಮುಚ್ಚಿ ಒಂದೊಂದಾಗಿ ಹೇಳಿಕೊಂಡು, ಎಂದಿನ ಹೊತ್ತಿಗೆ ದೀಪ ಆರಿಸಿ ಮಲಗಿರಿ.