ಕಾರವಾರದ ಮರಳಿನಲ್ಲಿ ಸೆಂಟರ್ ಬ್ಯಾಕ್ ಆಗುವ ಬಗೆ

ಕಾರವಾರದಲ್ಲಿ ನನ್ನ ಬಳಿ ಫುಟ್‌ಬಾಲ್ ಕಲಿಯಲು ಬರುವ ಹುಡುಗಿಯರಿಗೆಲ್ಲ ಗೋಲು ಹೊಡೆಯುವ ಆಸೆ. ಹಿಂದೆ ನಿಂತು ಆಡು ಎಂದರೆ ಮುಖ ಸಪ್ಪಗಾಗುತ್ತದೆ. ಅವರಿಗೆ ನಾನು ಹೇಳುವ ಹೆಸರು ಗ್ಲೋಡಿಸ್ ಪೆರ್ಲಾ ವಿಗ್ಗೋಸ್‌ಡೋಟಿರ್. ಐಸ್‌ಲ್ಯಾಂಡಿನ ಈ ಸೆಂಟರ್ ಬ್ಯಾಕ್ (ತಮ್ಮ ಗೋಲಿನ ಮುಂದೆ ನಡುವೆ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರ್ತಿ) ತಮ್ಮ ದೇಶದ ತಂಡವನ್ನೂ ಜರ್ಮನಿಯ ಬಾಯರ್ನ್ ಮ್ಯೂನಿಕ್ ತಂಡವನ್ನೂ ಮುನ್ನಡೆಸಿದವರು. ಅವರ ದೇಶದ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. ನಮ್ಮ ಜಿಲ್ಲೆಯದು 2011ರ ಜನಗಣತಿಯಲ್ಲೇ ಹದಿನಾಲ್ಕು ಲಕ್ಷ ದಾಟಿತ್ತು. ಊರು ಚಿಕ್ಕದೆಂಬ ನೆಪ ನನ್ನ ಮುಂದೆ ನಡೆಯುವುದಿಲ್ಲ.

ಮೊದಲು ಅವರು ನಡೆದ ದಾರಿಯನ್ನು ಹಾಳೆಯ ಮೇಲೆ ಬರೆದುಕೊಳ್ಳಿ. 1995ರಲ್ಲಿ ಜನನ, 2012ರಲ್ಲಿ ರಾಷ್ಟ್ರೀಯ ತಂಡ. ಸ್ಟ್ಯಾರ್ನನ್ ಕ್ಲಬ್ ಪರ ತವರಿನ ಲೀಗ್ ಗೆದ್ದ ಮೇಲೆ 2015ರಲ್ಲಿ ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ, 2017ರಲ್ಲಿ ಅದೇ ದೇಶದ ರೋಸೆನ್‌ಗಾರ್ಡ್, 2021ರಲ್ಲಿ ಬಾಯರ್ನ್. ಎಲ್ಲೂ ಅವಸರವಿಲ್ಲ. ದೂರದ ದೊಡ್ಡ ಕ್ಲಬ್ಬಿನ ಬೆಂಚಿನಲ್ಲಿ ಕೂರುವುದಕ್ಕಿಂತ ಇಲ್ಲಿನ ತಂಡದಲ್ಲಿ ಪಂದ್ಯ ಪೂರ್ತಿ ಆಡುವುದು ಲೇಸು ಎಂದು ಪಾಲಕರಿಗೆ ನಾನು ಹೇಳುವುದು ಈ ಹಾಳೆಯನ್ನು ತೋರಿಸಿಯೇ.

ಅಭ್ಯಾಸಕ್ಕೆ ಇಳಿತದ ಹೊತ್ತು ನೋಡಿ ಟಾಗೋರ್ ಕಡಲತೀರಕ್ಕೆ ಬನ್ನಿ. ನೀರು ಆಗಷ್ಟೇ ಸರಿದ ಮರಳು ಗಟ್ಟಿಯಾಗಿರುತ್ತದೆ, ಚೆಂಡು ಸಲೀಸಾಗಿ ಉರುಳುತ್ತದೆ. ಒಣ ಮರಳು ಓಟಕ್ಕೆ ಸರಿ, ಪಾಸಿಗೆ ಬೇಡ. ಒಬ್ಬಳು ಬದಿಯಿಂದ ಕ್ರಾಸ್ ಹಾಕಲಿ, ಅಂದರೆ ಗೋಲಿನ ಮುಂದಕ್ಕೆ ಚೆಂಡನ್ನು ಎತ್ತಿ ಹೊಡೆಯಲಿ, ಇನ್ನೊಬ್ಬಳು ಗೋಲು ಹೊಡೆಯಲು ಬರುವ ಸ್ಟ್ರೈಕರ್ ಆಗಿ ನಿಮ್ಮ ಬೆನ್ನ ಹಿಂದೆ ಓಡಾಡುತ್ತಿರಲಿ. ಚೆಂಡಿಗೆ ನೇರವಾಗಿ ಎದೆ ಕೊಟ್ಟು ನಿಲ್ಲಬೇಡಿ. ಚೆಂಡೂ ಸ್ಟ್ರೈಕರೂ ಎರಡೂ ಕಾಣುವಂತೆ ಮೈಯನ್ನು ಓರೆಯಾಗಿ ತಿರುಗಿಸಿ. ಮೊಣಕಾಲು ತುಸು ಬಾಗಿರಲಿ, ಹಿಮ್ಮಡಿ ಹಗುರವಾಗಿರಲಿ. ಕ್ರಾಸ್ ಹೊರಡುವ ಮೊದಲೇ ಹೆಗಲ ಮೇಲಿಂದ ಹಿಂದಕ್ಕೊಮ್ಮೆ ನೋಡಬೇಕು. ಸ್ಟ್ರೈಕರ್ ಬೆರಳೆತ್ತಿ ತೋರಿಸಲಿ. ಎಷ್ಟು ಬೆರಳೆಂದು ನೀವು ಕೂಗಿ ಹೇಳಿದ ಮೇಲೆಯೇ ಕ್ರಾಸ್ ಬರಲಿ. ಚೆಂಡು ಗಾಳಿಯಲ್ಲಿದ್ದಾಗ ಹಿಂದಿರುಗಿ ನೋಡುವವಳು ತಲೆಯಿಂದ ಚೆಂಡು ಹೊಡೆಯುವ ಹೆಡರ್‌ಗೆ ತಡವಾಗಿಯೇ ನೆಗೆಯುತ್ತಾಳೆ. ಇದೊಂದು ಮೈಗೂಡುವವರೆಗೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಟ್ಯಾಕಲ್ ಅನ್ನು ನಾನು ಕಲಿಸುವುದಿಲ್ಲ.

ಗ್ಲೋಡಿಸ್ ಆಡುವ ಪಂದ್ಯ ಸಿಕ್ಕಾಗ ಚೆಂಡನ್ನು ಬಿಟ್ಟು ಅವರನ್ನೇ ನೋಡುತ್ತಿರಿ. ಚೆಂಡು ಆಚೆ ತುದಿಯಲ್ಲಿದ್ದಾಗ ಎಲ್ಲಿ ನಿಲ್ಲುತ್ತಾರೆ, ಯಾರಿಗೆ ಕೈ ತೋರಿಸುತ್ತಾರೆ ಎಂಬುದನ್ನು ಗುರುತು ಮಾಡಿಕೊಳ್ಳಿ.

ಹಿಂದೆ ನಿಲ್ಲುವವಳ ಬೆಲೆ ಎಷ್ಟೆಂದು ಇನ್ನೂ ಅನುಮಾನವಿದ್ದರೆ ಯುರೋಪಿನ ದೇಶಗಳ ಮಹಿಳಾ ಟೂರ್ನಿಯಾದ ಯೂರೋದ 2022ರ ಗುಂಪಿನ ಅಂಕಪಟ್ಟಿ ತೆಗೆದು ನೋಡಿ. ಬೆಲ್ಜಿಯಂ, ಇಟಲಿ, ಫ್ರಾನ್ಸ್ ಮೂರರ ಎದುರೂ ಐಸ್‌ಲ್ಯಾಂಡ್ 1-1. ಒಂದೂ ಸೋಲದೆ ಮನೆಗೆ ಮರಳಿತು. ಎದುರಾಳಿಗಳ ಆ ಮೂರು ಗೋಲುಗಳಲ್ಲಿ ಯಾವುದಾದರೂ ಒಂದನ್ನು ತಡೆದಿದ್ದರೆ ಕ್ವಾರ್ಟರ್ ಫೈನಲ್ ಸಿಗುತ್ತಿತ್ತು. ಅದೇ ತಂಡ 2024ರ ಜುಲೈನಲ್ಲಿ ತವರಿನಲ್ಲಿ ಜರ್ಮನಿಯನ್ನು 3-0ರಿಂದ ಮಣಿಸಿತು. ಆ ಸೊನ್ನೆಯನ್ನೂ ನಮ್ಮ ಹುಡುಗಿಯರು ನೋಡಲಿ.

ಜೂನ್ ಬಂತೆಂದರೆ ಇಲ್ಲಿ ಕಡಲತೀರ ಕೈಬಿಡುತ್ತದೆ, ಮಾಲಾದೇವಿ ಮೈದಾನವೂ ಕೆಸರಾಗುತ್ತದೆ. ಐಸ್‌ಲ್ಯಾಂಡಿನ ಮಕ್ಕಳು ಚಳಿಗಾಲದಲ್ಲಿ ಒಳಾಂಗಣ ಮೈದಾನಗಳಲ್ಲಿ ಆಡುತ್ತಾರೆ. ನಮಗಿರುವುದು ಶಾಲೆಯ ಜಗಲಿ. ಗೋಡೆಗೆ ಪಾಸ್ ಹೊಡೆದು, ಮರಳಿ ಬಂದ ಚೆಂಡನ್ನು ಒಂದೇ ಸ್ಪರ್ಶದಲ್ಲಿ ನಿಲ್ಲಿಸಿ, ಮತ್ತೆ ಹೊಡೆಯಿರಿ. ಎಡಗಾಲಿಗೆ ಹೆಚ್ಚು ಸರದಿ ಕೊಡಿ.