ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅಂದುಕೊಂಡದ್ದು

ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಮೊದಲ ಕೆಲವು ವರ್ಷ ಮಕ್ಕಳ ಪ್ರಯೋಗ ಪುಸ್ತಕಗಳನ್ನು ತಿದ್ದುತ್ತಿದ್ದ ರೀತಿಯೇ ಸರಿಯಿರಲಿಲ್ಲ. ವಿನೆಗರ್‌ಗೆ ಅಡುಗೆ ಸೋಡಾ ಹಾಕುವ ಪ್ರಯೋಗದಲ್ಲಿ, ‘ವೀಕ್ಷಣೆ’ ಎಂಬ ಶೀರ್ಷಿಕೆಯ ಕೆಳಗೆ “ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಯಿತು” ಎಂದು ಬರೆದವರಿಗೆಲ್ಲ ಪೂರ್ತಿ ಅಂಕ ಕೊಡುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗಿ “ನೊರೆ ಬಂತು, ಲೋಟ ತಣ್ಣಗಾಯಿತು” ಎಂದಷ್ಟೇ ಬರೆದಿದ್ದಳು. ತಣ್ಣಗಾಗುವ ಮಾತು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲವಾದ್ದರಿಂದ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿದೆ. ಅವಳು ವಾದಿಸಲಿಲ್ಲ, “ಒಂದು ಸಲ ಮುಟ್ಟಿ ನೋಡಿ ಸರ್” ಎಂದಳು. 50 ಮಿಲಿಲೀಟರ್ ವಿನೆಗರ್‌ಗೆ ಒಂದು ಚಮಚ ಸೋಡಾ ಹಾಕಿ ಉಷ್ಣಮಾಪಕ ಇಳಿಬಿಟ್ಟಾಗ, 27 ಡಿಗ್ರಿಯಲ್ಲಿದ್ದ ಪಾದರಸ ನೊರೆ ಅಡಗುವಷ್ಟರಲ್ಲಿ 23ಕ್ಕೆ ಇಳಿದಿತ್ತು. ಆ ಕ್ರಿಯೆ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅಷ್ಟು ವರ್ಷ ಆ ಪ್ರಯೋಗ ಮಾಡಿಸಿದ್ದರೂ ನಾನು ಲೋಟವನ್ನು ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ.

ಅಂದಿನಿಂದ ಪುಸ್ತಕದ ಎಡಪುಟವನ್ನು ಕಂಡದ್ದಕ್ಕೆ, ಬಲಪುಟವನ್ನು ಅದರಿಂದ ಊಹಿಸಿದ್ದಕ್ಕೆ ಮೀಸಲಿಟ್ಟಿದ್ದೇನೆ. ಎಡಪುಟದಲ್ಲಿ ಬೆರೆಸುವ ಮೊದಲು, ಬೆರೆಸುವಾಗ, ಬೆರೆಸಿದ ಮೇಲೆ, ಮರುದಿನ ಎಂಬ ನಾಲ್ಕು ಅಂಕಣಗಳಿರುತ್ತವೆ. ಅಲ್ಲಿ ‘ಗುಳ್ಳೆ’ ಎನ್ನಬಹುದು, ‘ಅನಿಲ ಬಿಡುಗಡೆ’ ಎನ್ನುವಂತಿಲ್ಲ. ಇವುಗಳಲ್ಲಿ ‘ಬೆರೆಸುವ ಮೊದಲು’ ಎಂಬ ಅಂಕಣವನ್ನು ತುಂಬಿಸುವುದೇ ಹೆಚ್ಚು ಕಷ್ಟದ ಕೆಲಸ, ಏಕೆಂದರೆ ಇನ್ನೂ ಏನೂ ಆಗದ ದ್ರಾವಣವನ್ನು ನೋಡುವುದರಲ್ಲಿ ಅರ್ಥವಿಲ್ಲವೆಂದು ಮಕ್ಕಳು ಭಾವಿಸುತ್ತಾರೆ. ಒಮ್ಮೆ ಅರಿಶಿನದ ಕಾಗದ ಬರಿಯ ನೀರಿಗೇ ಕೆಂಪಾದಾಗ, ಪ್ರನಾಳದ ಬಾಯಲ್ಲಿ ಸಾಬೂನಿನ ನೊರೆ ಅಂಟಿಕೊಂಡಿದ್ದನ್ನು ಮೊದಲೇ ಗುರುತಿಸಿ ಬರೆದಿದ್ದ ಗುಂಪೊಂದೇ ಕಾರಣ ಹೇಳಬಲ್ಲದಾಯಿತು.

ಈ ಕ್ರಮ ನಿಜವಾಗಿ ನೆಲೆಗೊಂಡದ್ದು ಬೋರ್ಡೋ ದ್ರಾವಣದ ಪ್ರಯೋಗದಿಂದ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮನೆಯಲ್ಲಿ ಅಡಿಕೆ ತೋಟವಿದ್ದು, ಮಳೆಗಾಲದ ಕೊಳೆರೋಗಕ್ಕೆ ಅಡಿಕೆಗೊನೆಗಳಿಗೆ ಈ ಔಷಧಿ ಹೊಡೆಯುವುದನ್ನು ಅವರು ಚಿಕ್ಕಂದಿನಿಂದ ನೋಡುತ್ತ ಬಂದಿದ್ದಾರೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಅದನ್ನೇ ಸಾವಿರ ಪಟ್ಟು ಕುಗ್ಗಿಸಿ, 50 ಮಿಲಿಲೀಟರ್ ನೀರಿನಲ್ಲಿ ಒಂದು ಗ್ರಾಂ ಮೈಲುತುತ್ತವನ್ನೂ ಇನ್ನೊಂದು 50 ಮಿಲಿಲೀಟರ್ ನೀರಿನಲ್ಲಿ ಒಂದು ಗ್ರಾಂ ಸುಣ್ಣವನ್ನೂ ಕರಗಿಸಲು ಹೇಳಿದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಏಳುವ ಕಾವು ಕೈ ಸುಡಬಹುದೆಂದು, ಅದನ್ನು ಅರಳಿಸುವ ಕೆಲಸವನ್ನು ನಾನೇ ಮಾಡಿದೆ. ಮೈಲುತುತ್ತ ವಿಷವಾದ್ದರಿಂದ ಎಡಪುಟದಲ್ಲಿ ರುಚಿಗೆ ಮಾತ್ರ ಜಾಗವಿಲ್ಲವೆಂದು ಮೊದಲೇ ಎಚ್ಚರಿಸಿದ್ದೆ.

ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನು ಒಂದೊಂದೇ ಹನಿ ಬಿಡಬೇಕೆಂಬುದು ನನ್ನ ಷರತ್ತಾಗಿತ್ತು. ಒಮ್ಮೆಲೇ ಸುರಿದರೆ ಕಾಣುವುದು ನೀಲಿ ಗೊಜ್ಜು ಮಾತ್ರ. ಹನಿಹನಿಯಾಗಿ ಬಿಟ್ಟರೆ, ಪ್ರತಿ ಹನಿಯೂ ಬಿದ್ದಲ್ಲೇ ಹತ್ತಿಯ ಎಳೆಯಂತೆ ಬಿಚ್ಚಿಕೊಂಡು, ಗಾಢ ನೀಲಿಯಿಂದ ತಿಳಿ ಆಕಾಶನೀಲಿಗೆ ತಿರುಗಿ ಮೆಲ್ಲನೆ ತಳಕ್ಕಿಳಿಯುವುದು ಕಾಣುತ್ತದೆ. ಎಲ್ಲ ಬೆರೆತ ಮೇಲೆ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಮೊಳೆಯೊಂದನ್ನು ಅದ್ದಿಡಬೇಕು. ತೋಟದವರು ಇದೇ ಪರೀಕ್ಷೆಯನ್ನು ಚಾಕುವಿನ ಅಲಗಿನಿಂದ ಮಾಡುತ್ತಾರೆ: ಅಲಗು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು ಎಂದರ್ಥ. ಸುಣ್ಣದೊಂದಿಗೆ ಸೇರಿ ಗಸಿಯಾಗದೆ ನೀರಿನಲ್ಲಿ ಉಳಿದ ತಾಮ್ರವೇ ಕಬ್ಬಿಣದ ಮೇಲೆ ಕೂರುತ್ತದೆ. ಅದರ ಬದಲಿಗೆ ಅಷ್ಟು ಕಬ್ಬಿಣ ನೀರಿಗಿಳಿಯುತ್ತದೆ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂದು ಹಿರಿಯರು ಹೇಳುವುದೂ ಇದೇ ಕಾರಣಕ್ಕೆ.

ಐದು ಗುಂಪುಗಳ ಎಡಪುಟದಲ್ಲೂ “ಮೊಳೆಯಲ್ಲಿ ಬದಲಾವಣೆ ಇಲ್ಲ” ಎಂದಿತ್ತು. ಐದನೆಯ ಗುಂಪಿನ ಲೋಟದಿಂದ ನಾನೇ ಮೊಳೆಯನ್ನು ಎತ್ತಿದಾಗ ಅದರ ಕೆಳಭಾಗ ಕೆಂಗಂದು ಬಣ್ಣಕ್ಕೆ ತಿರುಗಿತ್ತು, ಕಾಗದದಿಂದ ಒರೆಸಿದರೆ ಅದಕ್ಕೆ ಹತ್ತುತ್ತಿತ್ತು. ಆ ಹುಡುಗರು ಸುಳ್ಳು ಬರೆದಿರಲಿಲ್ಲ. ತೂಕ ಸರಿಯಾಗಿದ್ದ ಮೇಲೆ ಮೊಳೆ ಕೆಂಪಾಗುವುದು ಸಾಧ್ಯವಿಲ್ಲವೆಂದು ನಂಬಿ, ನೋಡುವ ಗೋಜಿಗೇ ಹೋಗದೆ ಬರೆದಿದ್ದರು. ಲೋಟದ ಗಸಿಯ ಮೇಲೆ ನಿಂತ ನೀರು ಉಳಿದ ನಾಲ್ಕರಲ್ಲಿ ತಿಳಿಯಾಗಿದ್ದರೆ ಇವರದರಲ್ಲಿ ಮಾತ್ರ ನಸುನೀಲಿಯಾಗಿತ್ತು, ಅದನ್ನೂ ಯಾರೂ ದಾಖಲಿಸಿರಲಿಲ್ಲ. ಅವರು ಬಳಸಿದ ಸುಣ್ಣ, ಒಬ್ಬನ ಮನೆಯ ಅಟ್ಟದಲ್ಲಿ ಬಾಯಿ ತೆರೆದು ಕುಳಿತಿದ್ದ ಹಳೆಯ ಚೀಲದ್ದಾಗಿತ್ತು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಹೀರಿ ಅದರ ಬಹುಪಾಲು ಸುಣ್ಣದಕಲ್ಲಿನ ಪುಡಿಯಾಗಿ ಹೋಗಿತ್ತು, ತೂಕವಿದ್ದರೂ ಕಸುವಿರಲಿಲ್ಲ. ತಾಜಾ ಸುಣ್ಣದ ಹಾಲನ್ನು ಎರಡು ಚಮಚ ಸೇರಿಸಿ ಹೊಸ ಮೊಳೆ ಅದ್ದಿದಾಗ ಅದು ಬೆಳ್ಳಗೇ ಉಳಿಯಿತು. ಮೊದಲು ಬರೆದ ಸಾಲನ್ನು ಅಳಿಸದೆ, ಪಕ್ಕದಲ್ಲಿ ಸಮಯ ನಮೂದಿಸಿ ಹೊಸ ಸಾಲು ಬರೆಯಿರಿ ಎಂದೆ.

ಮರುದಿನದ ಅಂಕಣವನ್ನು ನಾನು ಹೆಚ್ಚು ನಿರೀಕ್ಷೆಯಿಲ್ಲದೆ ಇಟ್ಟಿದ್ದೆ. ಗಸಿ ತಳಕ್ಕಿಳಿದು ಒತ್ತಾಗಿ ಕೂತಿರುತ್ತದೆ, ಕದಡಿದ ದಿನವೇ ದ್ರಾವಣವನ್ನು ಹೊಡೆದು ಮುಗಿಸಬೇಕೆನ್ನುವುದು ಇದಕ್ಕೇ ಎಂದು ತೋರಿಸಿದರೆ ಸಾಕೆಂದುಕೊಂಡಿದ್ದೆ. ಆದರೆ ಒಂದು ಗುಂಪು ಬರೆದದ್ದು ಹೀಗಿತ್ತು: “ನೀರಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ. ಕಡ್ಡಿಯಿಂದ ಮುಟ್ಟಿದರೆ ಗಾಜಿನಂತೆ ಚೂರಾಗಿ ಒಡೆಯುತ್ತದೆ.” ಬಲಪುಟವನ್ನು ಖಾಲಿ ಬಿಟ್ಟಿದ್ದರು. ಮುಂದಿನ ಅವಧಿಯಲ್ಲಿ ಸುಣ್ಣದ ತಿಳಿನೀರನ್ನು ಸೋಸಿ, ನಳಿಕೆಯಿಂದ ಅದರೊಳಗೆ ಉಸಿರು ಊದಿಸಿದೆ. ನೀರು ಹಾಲಿನಂತಾದ ಮೇಲೆ ಅವರು ಹಿಂದಿನ ಪುಟಕ್ಕೆ ತಿರುಗಿ, ಹಳೆಯ ಚೀಲದ ಸುಣ್ಣಕ್ಕೂ ಕೆನೆಯಂಥ ಪೊರೆಗೂ ಒಂದೇ ಸಾಲಿನಲ್ಲಿ ಕಾರಣ ಬರೆದರು.